ಉತ್ತರದ ಹಿಮನಾಡೂ ಹೊಸೂರಿನ ಮಕ್ಕಳೂ

ಗಡಿನಾಡಿನ ಕನ್ನಡ ವೇದಿಕೆಗಳಲ್ಲಿ ವರ್ಷವರ್ಷವೂ ತಪ್ಪದೆ ಕೇಳಿಬರುವ ಒಂದು ಮಾತಿದೆ: ನಮ್ಮನ್ನು ಕೇಳುವವರಿಲ್ಲ. ಬೆಂಗಳೂರು ಕೇಳುವುದಿಲ್ಲ, ಚೆನ್ನೈ ಕೇಳುವುದಿಲ್ಲ, ದೆಹಲಿಗಂತೂ ನಮ್ಮ ಹೆಸರೇ ತಿಳಿಯದು. ಈ ಮಾತು ಸುಳ್ಳಲ್ಲ. ಆದರೆ ಇನ್ನೊಂದು ಮಾತು ವೇದಿಕೆಯ ಮೇಲಲ್ಲ, ಮನೆಯ ಪಡಸಾಲೆಯಲ್ಲಿ ಅಷ್ಟೇ ತಪ್ಪದೆ ಕೇಳಿಬರುತ್ತದೆ. ಮಗಳು ಮಾನವಶಾಸ್ತ್ರ ಓದುತ್ತೇನೆಂದು ಬಾಯಿ ತೆರೆದರೆ ಸಾಕು, "ಅದನ್ನು ಓದಿ ಯಾವ ಕಂಪನಿ ಸೇರುತ್ತೀಯಮ್ಮ?" ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಈ ಎರಡು ಮಾತುಗಳಿಗೂ ಬೇರು ಒಂದೇ ಎಂಬುದು ನಮ್ಮ ವಾದ. ಜನರ ಬಾಳನ್ನು ಕೇಳಿ, ನೋಡಿ, ಬರೆದಿಡುವುದನ್ನು ಒಂದು ವಿದ್ಯೆಯೆಂದೇ ಎಣಿಸದ ಊರನ್ನು ಹೊರಗಿನವರು ಬಂದು ಕೇಳಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಈ ವಾದಕ್ಕೆ ಸಾಕ್ಷಿಯನ್ನು ನಾವು ಬಹು ದೂರದಿಂದ, ಭೂಮಿಯ ಬಡಗಣ ತುದಿಯ ಹಿಮಪ್ರದೇಶದಿಂದ ತರುತ್ತಿದ್ದೇವೆ. ಅದಕ್ಕೆ ಮೊದಲು ಸ್ವಂತ ಊರಿನ ಕಡತವನ್ನೊಮ್ಮೆ ಬಿಚ್ಚಬೇಕು.

೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನ ಕೈತಪ್ಪಿದ ಸೀಮೆಗಳಲ್ಲಿ ಬಾರಾಮಹಲ್ ಒಂದು. ಅಲೆಗ್ಸಾಂಡರ್ ರೀಡ್ ಎಂಬ ಸೇನಾಧಿಕಾರಿ, ಅವನ ಸಹಾಯಕರಲ್ಲೊಬ್ಬನಾದ ಥಾಮಸ್ ಮನ್ರೋ ಕೃಷ್ಣಗಿರಿ ಧರ್ಮಪುರಿಗಳ ಸುತ್ತ ಊರೂರನ್ನು ಅಳೆದರು. ಹೊಲಗದ್ದೆಗಳ ಜೊತೆಗೆ ಜನರೂ ಲೆಕ್ಕಕ್ಕೆ ಬಂದರು. ಮುಂದೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮದ್ರಾಸ್ ಸರಕಾರ 'ಬಾರಾಮಹಲ್ ದಾಖಲೆಗಳು' ಎಂದು ಅಚ್ಚು ಹಾಕಿಸಿದ ಕಂತೆಗಳಲ್ಲಿ 'ನಿವಾಸಿಗಳು' ಎಂಬುದೇ ಒಂದು ಪ್ರತ್ಯೇಕ ವಿಭಾಗ. ಬರೆಸಿದವರ ಉದ್ದೇಶ ಜ್ಞಾನದಾಹವೆಂದು ಯಾರೂ ಭ್ರಮಿಸಬೇಕಾಗಿಲ್ಲ. ಯಾರಿಂದ ಎಷ್ಟು ಕಂದಾಯ ಹುಟ್ಟೀತೆಂದು ತಿಳಿಯಬೇಕಿತ್ತು. ಘಟ್ಟದ ಮೇಲಿನ ಹೊಸೂರು ಸೀಮೆ ೧೭೯೯ರಲ್ಲಿ ಟಿಪ್ಪು ಮಡಿದ ಬಳಿಕ ಕಂಪನಿಯ ಕೈಸೇರಿತು. ಸೇಲಂ ಜಿಲ್ಲೆಯ ಹೆಸರಿನಲ್ಲಿ ೧೮೮೩ರಲ್ಲಿ ಲೆ ಫಾನು, ೧೯೧೮ರಲ್ಲಿ ರಿಚರ್ಡ್ಸ್ ಎಂಬ ಅಧಿಕಾರಿಗಳು ಬರೆದ ಗ್ರಂಥಗಳಲ್ಲಿ ನಾವಿದ್ದೇವೆ. ಇವುಗಳ ನಡುವೆ ಮದ್ರಾಸ್ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಬಂದ. ಪ್ರೆಸಿಡೆನ್ಸಿಯ ಉದ್ದಗಲಕ್ಕೂ ಜನರ ತಲೆ ಮೂಗುಗಳನ್ನು ಸಲಕರಣೆ ಹಿಡಿದು ಅಳೆದ ಈತ ರಂಗಾಚಾರಿಯವರ ನೆರವಿನಿಂದ ೧೯೦೯ರಲ್ಲಿ ಏಳು ಸಂಪುಟಗಳನ್ನು ಹೊರತಂದ. ಮೂಗಿನ ಅಗಲದಿಂದ ಕುಲದ ಮೇಲುಕೀಳು ತಿಳಿಯಬಹುದೆಂಬ ನಂಬಿಕೆ ಆಗ ವಿಜ್ಞಾನವೆನಿಸಿಕೊಂಡಿತ್ತು.

ಮೈಸೂರಿನ ಕಡೆ ಇದೇ ಕೆಲಸ ಬೇರೆ ರೀತಿಯಲ್ಲಿ ನಡೆಯಿತು. ಅಲ್ಲಿ ಜನಾಂಗಗಳ ಸಮೀಕ್ಷೆಯನ್ನು ವಹಿಸಿಕೊಂಡವರು ಎಚ್.ವಿ. ನಂಜುಂಡಯ್ಯನವರು. ಸಾಹಿತ್ಯ ಸಮ್ಮೇಳನಕ್ಕೆ ಸೇರಿದವರು ಈ ಹೆಸರನ್ನು ಮರೆಯಲಾಗದು. ೧೯೧೫ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, ಮೊದಲ ಸಮ್ಮೇಳನದ ಅಧ್ಯಕ್ಷರು ಅವರೇ. ಮಾನವಶಾಸ್ತ್ರಕ್ಕೂ ಸಾಹಿತ್ಯ ಸಮ್ಮೇಳನಕ್ಕೂ ಏನು ನಂಟು ಎಂದು ಹುಬ್ಬೇರಿಸುವವರಿಗೆ ಇಷ್ಟು ಹೇಳಿದರೆ ಸಾಕು. ಅವರು ಆರಂಭಿಸಿದ್ದನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿ ೧೯೨೮ರಿಂದ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಆದರೆ ಸಮೀಕ್ಷೆ ಮೈಸೂರು ಸಂಸ್ಥಾನದ ಎಲ್ಲೆಗೆ ಬಂದು ನಿಂತಿತು. ರೈಸ್ ಸಾಹೇಬರ 'ಎಪಿಗ್ರಾಫಿಯಾ ಕರ್ನಾಟಿಕಾ' ಕೂಡ ಅಲ್ಲಿಯೇ ನಿಂತಿತು. ಆನೇಕಲ್ಲಿನ ಕಲ್ಲು ಕನ್ನಡದ ಶಾಸನ ಸಂಪುಟಕ್ಕೆ ಸೇರಿತು, ಕೂಗಳತೆಯ ದೂರದ ತಳಿಯ ಕಲ್ಲು ಸೇರಲಿಲ್ಲ. ಮದ್ರಾಸಿನ ಲೆಕ್ಕದಲ್ಲಿ ನಾವು ಜಿಲ್ಲೆಯ ಒಂದು ಮೂಲೆ. ಮೈಸೂರಿನ ಲೆಕ್ಕದಲ್ಲಿ ನಾವು ಇಲ್ಲವೇ ಇಲ್ಲ. ಎರಡು ಬಲೆಗಳ ನಡುವಿನ ಸಂದಿಯಲ್ಲಿ ಜಾರಿಹೋದ ಮೀನಿನ ಹಾಗೆ ಈ ಸೀಮೆಯ ಕನ್ನಡಿಗರು ವಿದ್ವತ್ತಿನಿಂದ ಜಾರಿಹೋದರು.

ಈಗ ಬಡಗಣಕ್ಕೆ ತಿರುಗೋಣ. ಅಲ್ಲಿಯೂ ಕಥೆ ಅಳತೆಯಿಂದಲೇ ಆರಂಭವಾಗುತ್ತದೆ.

ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯ ಎಂಬ ನಾಲ್ಕು ದೇಶಗಳಲ್ಲಿ ಹರಿದು ಹಂಚಿಹೋದ ಸಾಮಿ ಎಂಬ ಜನರಿದ್ದಾರೆ. ಹಿಮಸಾರಂಗದ ಹಿಂಡು ಮೇಯಿಸುವವರು, ಮೀನು ಹಿಡಿಯುವವರು. ಅವರ ಸಂಖ್ಯೆ ಸುಮಾರು ೮೦ ಸಾವಿರವೆಂದು ಅಂದಾಜು ಮಾಡುವುದುಂಟು. ೧೯೨೨ರಲ್ಲಿ ಸ್ವೀಡನ್ ಸರಕಾರ ಉಪ್ಸಾಲದಲ್ಲಿ 'ಜನಾಂಗ ಜೀವಶಾಸ್ತ್ರ'ಕ್ಕೆಂದೇ ಒಂದು ಸಂಸ್ಥೆ ತೆರೆಯಿತು. ಅದರ ಅಧಿಕಾರಿಗಳು ಸಾಮಿ ಮಕ್ಕಳನ್ನೂ ಮುದುಕರನ್ನೂ ಸಾಲಾಗಿ ನಿಲ್ಲಿಸಿ ತಲೆ ಅಳೆದರು, ಚಿತ್ರ ತೆಗೆದರು. ನಾರ್ವೆಯ ಶಾಲೆಗಳಲ್ಲಿ ಮಕ್ಕಳ ನುಡಿಯನ್ನು ಹೊರಗಿಡುವ ನೀತಿ ತಲೆಮಾರುಗಟ್ಟಲೆ ನಡೆಯಿತು. ಸಾಮಿಯನ್ನು ಬೋಧನಾ ಭಾಷೆಯಾಗಿ ಬಳಸಲು ಕಾನೂನು ಮತ್ತೆ ಎಡೆಗೊಟ್ಟದ್ದು ೧೯೫೯ರಲ್ಲಿ. ೨೦೦೬ರ ತಮಿಳು ಕಲಿಕಾ ಕಾಯಿದೆಯ ನಂತರ ಕನ್ನಡ ಶಾಲೆಗಳ ಮಕ್ಕಳ ಪರೀಕ್ಷೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿಳಿದ ಪೋಷಕರಿಗೆ ಈ ಕಥೆಯನ್ನು ವಿವರಿಸಿ ಹೇಳಬೇಕಿಲ್ಲ. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ನಮ್ಮ ಭಾಷೆಗೆ ಪಕ್ಕದಲ್ಲೇ ಒಂದು ರಾಜ್ಯವಿದೆ, ಸಂವಿಧಾನದ ೩೫೦-ಎ ವಿಧಿಯಿದೆ. ಸಾಮಿಗಳಿಗೆ ಅಂಥ ಆಸರೆ ಇರಲಿಲ್ಲ. ಆಸರೆಯಿಲ್ಲದವರು ಏನು ಮಾಡಿದರು ಎಂಬುದೇ ಇಲ್ಲಿಯ ಪ್ರಶ್ನೆ.

ಇನ್ನೂ ಘೋರವಾದುದು ಗ್ರೀನ್‌ಲೆಂಡಿನ ಕಥೆ. ೧೮೯೭ರಲ್ಲಿ ರಾಬರ್ಟ್ ಪಿಯರಿ ಎಂಬ ಅನ್ವೇಷಕ ಆರು ಮಂದಿ ಇನ್ಯೂಟರನ್ನು ಹಡಗಿನಲ್ಲಿ ನ್ಯೂಯಾರ್ಕಿಗೆ ಕರೆತಂದು ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದ. ಕೆಲವೇ ತಿಂಗಳುಗಳಲ್ಲಿ ನಾಲ್ವರು ಕಾಯಿಲೆಯಿಂದ ಸತ್ತರು. ಮಿನಿಕ್ ಎಂಬ ಬಾಲಕನ ಕಣ್ಣೆದುರಿಗೆ ಅವನ ತಂದೆಯ ಅಂತ್ಯಕ್ರಿಯೆಯ ನಾಟಕವಾಡಿ, ಮೂಳೆಗಳನ್ನು ಸಂಗ್ರಹಾಲಯದಲ್ಲಿ ಉಳಿಸಿಕೊಂಡರು. ಆ ನಾಲ್ವರ ಮೂಳೆಗಳು ಊರಿಗೆ ಮರಳಿದ್ದು ೧೯೯೩ರಲ್ಲಿ. ಮಾನವಶಾಸ್ತ್ರದ ಪಿತಾಮಹರಲ್ಲಿ ಒಬ್ಬನೆಂದು ನಾವು ಓದುವ ಫ್ರಾಂಜ್ ಬೋವಾಸ್ ಆಗ ಆ ಸಂಗ್ರಹಾಲಯದಲ್ಲಿಯೇ ಇದ್ದ. ಸಮುದ್ರದ ನೀರಿನ ಬಣ್ಣದ ಮೇಲೆ ಪದವಿ ಪಡೆದಿದ್ದ ಈ ಭೌತವಿಜ್ಞಾನಿ ಮನುಷ್ಯರ ಅಧ್ಯಯನಕ್ಕೆ ತಿರುಗಿದ್ದು ೧೮೮೩-೮೪ರಲ್ಲಿ ಬಾಫಿನ್ ದ್ವೀಪದ ಇನ್ಯೂಟರ ನಡುವೆ ಕಳೆದ ಒಂದು ವರ್ಷದಿಂದ. ಅವರ ಗಂಜಿಯ ಋಣ ಉಂಡವನ ಕಣ್ಣೆದುರಿಗೇ ಇದು ನಡೆಯಿತು ಎಂಬುದನ್ನು ಆ ಶಾಸ್ತ್ರ ಮರೆಯಬಾರದು. ಇದರಿಂದ ಆ ಶಾಸ್ತ್ರವನ್ನೇ ತೊರೆಯಬೇಕೆಂದು ಕೆಲವರು ತೀರ್ಮಾನಿಸುತ್ತಾರೆ. ನಮ್ಮ ತೀರ್ಮಾನ ಬೇರೆ: ಶಾಸ್ತ್ರ ಒಬ್ಬರ ಕೈಯಲ್ಲಿ ಮಾತ್ರ ಇದ್ದರೆ ಹೀಗಾಗುತ್ತದೆ.

ಬಡಗಣದವರು ಅದನ್ನು ತಮ್ಮ ಕೈಗೆ ತೆಗೆದುಕೊಂಡರು. ೧೯೧೦ರಲ್ಲಿ ಯುಹಾನ್ ತೂರಿ ಎಂಬ ಸಾಮಿ ಬೇಟೆಗಾರ ತನ್ನ ಜನರ ಬಾಳಿನ ವೃತ್ತಾಂತವನ್ನು ತನ್ನ ನುಡಿಯಲ್ಲೇ ಬರೆದು ಪ್ರಕಟಿಸಿದ. ಎಮಿಲಿ ಡೆಮಂಟ್ ಎಂಬ ಡೇನಿಷ್ ಹೆಣ್ಣುಮಗಳು ಅವನ ಗೀಚು ಬರಹಗಳನ್ನು ಜೋಡಿಸಿ, ಡೇನಿಷ್ ಅನುವಾದ ಸೇರಿಸಿಕೊಟ್ಟಳು. ತಮ್ಮ ಬಾಳು ಸರಕಾರಕ್ಕೆ ಸರಿಯಾಗಿ ತಿಳಿದಿದ್ದರೆ ಕಾನೂನುಗಳು ಹೀಗೆ ವಕ್ರವಾಗುತ್ತಿರಲಿಲ್ಲ ಎಂಬುದು ತೂರಿಯ ನಂಬಿಕೆಯಾಗಿತ್ತು. ಸರಕಾರ ತಿಳಿದುಕೊಂಡಿತೋ ಇಲ್ಲವೋ, ಸಾಮಿ ಮಕ್ಕಳಿಗೆ ಮಾತ್ರ ತಾವೇ ಬರೆಯಬಹುದೆಂಬುದು ತಿಳಿಯಿತು. ೧೯೫೬ರಲ್ಲಿ, ಭಾಷಾವಾರು ಪ್ರಾಂತಗಳಾಗಿ ಹೊಸೂರು ಮದ್ರಾಸಿನಲ್ಲೇ ಉಳಿದ ಆ ವರ್ಷವೇ, ದೇಶಗಳ ಗಡಿ ದಾಟಿ ಸಾಮಿಗಳು ಒಂದು ಪರಿಷತ್ತು ಕಟ್ಟಿಕೊಂಡರು. ೧೯೭೩ರಲ್ಲಿ ನಾರ್ವೆಯ ಕೌಟೊಕೆಯ್ನೊ ಎಂಬ ಸಣ್ಣ ಊರಿನಲ್ಲಿ ತಮ್ಮದೇ ಸಂಶೋಧನ ಸಂಸ್ಥೆ ತೆರೆದರು. ೧೯೮೯ರಲ್ಲಿ ಅದೇ ಊರಿನಲ್ಲಿ ತಮ್ಮ ನುಡಿಯಲ್ಲಿ ಬೋಧಿಸುವ ಕಾಲೇಜು. ಆಲ್ತಾ ನದಿಗೆ ಅಣೆಕಟ್ಟು ಕಟ್ಟುವುದನ್ನು ವಿರೋಧಿಸಿ ಅವರು ನಡೆಸಿದ ಚಳವಳಿ ಅಣೆಕಟ್ಟನ್ನು ನಿಲ್ಲಿಸಲಿಲ್ಲ. ಆದರೆ ಆ ಗದ್ದಲದಲ್ಲೇ ೧೯೮೦ರಲ್ಲಿ ಸಾಮಿ ಹಕ್ಕುಗಳ ಸಮಿತಿ ನೇಮಕವಾಯಿತು, ಅದರ ವರದಿಯಿಂದ ೧೯೮೭ರ ಕಾಯಿದೆ ಬಂತು, ೧೯೮೯ರಲ್ಲಿ ಸಾಮಿ ಸಂಸತ್ತು ಕೂಡಿತು. ಕೂಗಿಗೆ ಬೆನ್ನೆಲುಬಾಗಿ ಕಾಗದವಿದ್ದುದರಿಂದ ಕೂಗು ಕಾನೂನಾಯಿತು. ಕೆನಡಾದ ನುನಾವುಟ್ ಪ್ರಾಂತದಲ್ಲಿ ಇಂದು ಯಾವ ವಿದ್ವಾಂಸನೂ ಅಲ್ಲಿಯ ಪರವಾನಗಿ ಪಡೆಯದೆ ಸಂಶೋಧನೆಗೆ ಕಾಲಿಡುವಂತಿಲ್ಲ. ಒಂದು ಕಾಲಕ್ಕೆ ಯಾರ ಅಪ್ಪಣೆಯೂ ಇಲ್ಲದೆ ಮೂಳೆ ಹೊತ್ತೊಯ್ದ ವಿದ್ಯೆ ಈಗ ಬಾಗಿಲು ತಟ್ಟಿ ಒಳಗೆ ಬರಬೇಕು.

ಇದೆಲ್ಲ ಸರಿ, ನಮಗೇನು ಎಂದು ಕೇಳುವವರಿಗೆ ಮೊದಲ ಉತ್ತರ ಕೃಷ್ಣಗಿರಿ ಜಿಲ್ಲೆಯ ಕಚೇರಿಗಳ ಮುಂದೆಯೇ ನಿಂತಿದೆ. ಕುರುಬರನ್ನು ತಮಿಳುನಾಡಿನ ಪರಿಶಿಷ್ಟ ಪಂಗಡಗಳ ಪಟ್ಟಿಯ 'ಕುರುಮನ್'ರೊಡನೆ ಸೇರಿಸಬಹುದೋ ಬಾರದೋ ಎಂಬ ತಕರಾರಿನಲ್ಲಿ ಜಾತಿಪತ್ರಕ್ಕಾಗಿ ಅಲೆದ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟಿಲ್ಲ! ೧೯೯೪ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಒಂದು ತೀರ್ಪಿನ ಪ್ರಕಾರ ಇಂಥ ಪತ್ರಗಳನ್ನು ಪರಿಶೀಲಿಸುವ ಸಮಿತಿ ಕುಟುಂಬದ ದೇವರು, ಮದುವೆಯ ಪದ್ಧತಿ, ಸಾವಿನ ವಿಧಿ, ಹೂಳುವ ಕ್ರಮ ಇವನ್ನೆಲ್ಲ ವಿಚಾರಿಸಬೇಕು. ಇದು ಮಾನವಶಾಸ್ತ್ರದ ಪ್ರಶ್ನಪತ್ರಿಕೆ. ವೀರಭದ್ರನ ಮುಂದೆ ಭಕ್ತರ ತಲೆಯ ಮೇಲೆ ಕಾಯಿ ಒಡೆಯುವುದೇಕೆ, ಮದುವೆಯಲ್ಲಿ ಕಂಬಳಿಗೆ ಏನು ಸ್ಥಾನ ಎಂಬುದಕ್ಕೆ ಸಿಗುವ ಉತ್ತರದ ಮೇಲೆ ಒಬ್ಬ ಹುಡುಗಿಯ ವೈದ್ಯಕೀಯ ಸೀಟು ನಿಂತಿರುತ್ತದೆ. ಆ ಉತ್ತರವನ್ನು ಬರೆಯುವಾತ ಅವಳ ಅಜ್ಜಿಯ ಕನ್ನಡ ತಿಳಿಯದವನಾದರೆ ಏನಾದೀತು? ಮಾನವಶಾಸ್ತ್ರ ಓದಿ ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ಅಂಥ ಮನೆಯ ಮುಂದೆ ನಿಂತು ಕೇಳಿ ನೋಡಬೇಕು.

ಎರಡನೆಯ ಉತ್ತರ ಮಕ್ಕಳ ಕಿವಿಯಲ್ಲಿದೆ. ಬಾಗಲೂರು, ಬೇರಿಕೆ, ಶೂಳಗಿರಿ, ಕೆಲಮಂಗಲದ ಸಂತೆಗಳಲ್ಲಿ ಒಂದು ಸೊಪ್ಪಿನ ಕಟ್ಟಿನ ಚೌಕಾಸಿ ಕನ್ನಡದಲ್ಲಿ ಆರಂಭವಾಗಿ ತೆಲುಗಿನಲ್ಲಿ ಏರಿ ತಮಿಳಿನಲ್ಲಿ ಮುಗಿಯುವುದನ್ನು ಕೇಳಿ ಬೆಳೆದ ಮಗುವಿಗೆ, ಯಾವ ಮಾತನ್ನು ಯಾರೊಡನೆ ಯಾವಾಗ ಆಡಬೇಕೆಂಬುದು ಪಾಠವಿಲ್ಲದೆ ತಿಳಿದಿರುತ್ತದೆ. ಜನಗಣತಿಯವರು ಬಂದು ಮಾತೃಭಾಷೆಯ ಕಲಮಿನಲ್ಲಿ ಒಂದೇ ಒಂದು ಹೆಸರು ಬರೆದುಕೊಂಡು ಹೋಗುತ್ತಾರೆ. ಒಲೆಯ ಮುಂದಿನ ಭಾಷೆ, ಜಗಳದ ಭಾಷೆ, ದೇವರಿಗೆ ಹರಕೆ ಹೊರುವ ಭಾಷೆ ಬೇರೆ ಬೇರೆಯಾದ ಮನೆಗೆ ಆ ಕಲಮು ಸಾಲದು. ಈ ಸೂಕ್ಷ್ಮವನ್ನು ಹೊರಗಿನ ವಿದ್ವಾಂಸರು ವರ್ಷಗಟ್ಟಲೆ ಹೆಣಗಿ ಕಲಿಯುತ್ತಾರೆ. ಸಾಮಿ ನುಡಿಯಲ್ಲಿ ಹಿಮಸಾರಂಗದ ವಯಸ್ಸು, ಬಣ್ಣ, ಕೊಂಬಿನ ಆಕಾರಕ್ಕೆ ಒಂದೊಂದು ಹೆಸರಿದೆಯೆಂದು ಓದಿ ಬೆರಗಾಗುವವರು, ಟಗರು, ಹೋತ, ಗೊಡ್ಡು, ಮರಿ ಎಂದು ಹಿಂಡನ್ನು ಬಾಯಲ್ಲೇ ವಿಂಗಡಿಸುವ ನಮ್ಮ ಕುರುಬರ ಹಿರಿಯರೊಡನೆ ಒಂದು ದಿನ ಕುಳಿತಿದ್ದಾರೆಯೆ? ಹಿಂಡಿನ ಜೊತೆ ಬೆಳೆದ ಹುಡುಗ ಕೌಟೊಕೆಯ್ನೊದ ಹಿಂಡಿನ ನಡುವೆ ನಿಂತರೆ ಅವನು ಕೇಳುವ ಮೊದಲ ಪ್ರಶ್ನೆಯೇ ಬೇರೆಯಾಗಿರುತ್ತದೆ.

ಪಿಯರ್ಸ್ ವಿಟೆಬ್ಸ್ಕಿ ಎಂಬ ಕೇಂಬ್ರಿಜ್ಜಿನ ವಿದ್ವಾಂಸರ ಬಾಳು ಇದಕ್ಕೊಂದು ನಿದರ್ಶನ. ಅವರು ಮೊದಲು ಒಡಿಶಾದ ಬೆಟ್ಟಗಳ ಸೋರ ಜನರೊಡನೆ ಬಾಳಿ ಅವರ ನುಡಿ ಕಲಿತರು. ಬಳಿಕ ಸೈಬೀರಿಯದ ಎವೆನಿ ಹಿಮಸಾರಂಗ ಪಾಲಕರ ನಡುವೆ ವರ್ಷಗಳನ್ನು ಕಳೆದು ೨೦೦೫ರಲ್ಲಿ ಒಂದು ಹೆಸರಾಂತ ಗ್ರಂಥ ಬರೆದರು. ಕೇಂಬ್ರಿಜ್ಜಿನಿಂದ ಒಡಿಶಾಕ್ಕೂ ಸೈಬೀರಿಯಕ್ಕೂ ದಾರಿಯಿದೆ. ಡೆಂಕಣಿಕೋಟೆಯಿಂದ ಸೈಬೀರಿಯಕ್ಕೆ ದಾರಿ ಇಲ್ಲವೆಂದು ಯಾರು ಬರೆದಿಟ್ಟಿದ್ದಾರೆ? ಎಂ.ಎನ್. ಶ್ರೀನಿವಾಸರೂ ಮೈಸೂರಿನ ಬೀದಿಯಲ್ಲಿ ಬೆಳೆದು ಆಕ್ಸ್‌ಫರ್ಡಿಗೆ ಹೋದವರೇ. ೧೯೭೦ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದಾಗ ನೆನಪಿನಿಂದಲೇ ಒಂದು ಹಳ್ಳಿಯನ್ನು ಮತ್ತೆ ಬರೆದರು. ಆದರೆ ನಮ್ಮವರು ಹೊರಗೆ ಹೋದರೂ ತಮ್ಮ ಊರನ್ನೇ ಓದಬೇಕು, ಇತರರನ್ನು ಓದುವುದು ಬಿಳಿಯರ ಹಕ್ಕು ಎಂಬ ಒಂದು ಅಲಿಖಿತ ಕಟ್ಟಳೆ ಈ ಶಾಸ್ತ್ರದಲ್ಲಿ ಬಹುಕಾಲ ನಡೆದುಬಂದಿದೆ. ಅದನ್ನು ಮುರಿಯಬೇಕು. ಮುರಿಯುವವರು ಥರ್ಸ್ಟನ್ನನ ಸಲಕರಣೆಯನ್ನು ಕೈಗೆ ತೆಗೆದುಕೊಳ್ಳದೆ ಹೋಗಬೇಕು ಎಂಬುದನ್ನೂ ಸೇರಿಸುತ್ತೇವೆ.

ದಾರಿಗಳ ವಿಚಾರ. ಭಾರತ ಸರಕಾರ ೨೦೦೮ರಲ್ಲಿ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ 'ಹಿಮಾದ್ರಿ' ಎಂಬ ಸಂಶೋಧನ ಕೇಂದ್ರ ತೆರೆಯಿತು. ೨೦೧೩ರಲ್ಲಿ ಆರ್ಕ್ಟಿಕ್ ಪರಿಷತ್ತಿನ ವೀಕ್ಷಕ ದೇಶವಾಯಿತು, ೨೦೨೨ರಲ್ಲಿ ಆರ್ಕ್ಟಿಕ್ ನೀತಿಯನ್ನು ಪ್ರಕಟಿಸಿತು. ಅಲ್ಲಿಯ ಹಿಮ ಕರಗುವುದಕ್ಕೂ ನಮ್ಮ ಮುಂಗಾರಿಗೂ ಇರಬಹುದಾದ ನಂಟನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ರಾಗಿ ಅವರೆ ಬಿತ್ತುವ ನಾವು ಅದನ್ನು ಹಗುರವಾಗಿ ಕಾಣುವವರಲ್ಲ. ನೀತಿಯ ಕಾಗದದಲ್ಲಿ ಮೂಲನಿವಾಸಿಗಳ ಹೆಸರೂ ಇದೆ. ಆದರೆ ಸ್ವಾಲ್ಬಾರ್ಡಿನಲ್ಲಿ ಮೂಲನಿವಾಸಿಗಳೇ ಇಲ್ಲ. ಹಿಮಾದ್ರಿಯ ಕಿಟಕಿಯಿಂದ ಹಿಮ ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ. ಮನುಷ್ಯರನ್ನು ಓದಬೇಕಾದವರಿಗೆ ನಾರ್ವೆಯ ಟ್ರೋಮ್ಸೊ ವಿಶ್ವವಿದ್ಯಾಲಯದಲ್ಲಿ ಮೂಲನಿವಾಸಿ ಅಧ್ಯಯನದ ಎರಡು ವರ್ಷದ ಸ್ನಾತಕೋತ್ತರ ಪದವಿಯಿದೆ, ಬೋಧನೆ ಇಂಗ್ಲಿಷಿನಲ್ಲಿ. ಫಿನ್ಲೆಂಡಿನ ರೊವಾನಿಯೆಮಿಯಲ್ಲಿ ಆರ್ಕ್ಟಿಕ್ ಕೇಂದ್ರ, ಅಲಾಸ್ಕದ ಫೇರ್‌ಬ್ಯಾಂಕ್ಸಿನಲ್ಲಿ ಮಾನವಶಾಸ್ತ್ರ ವಿಭಾಗ ಮತ್ತು ಮೂಲನಿವಾಸಿ ಭಾಷೆಗಳ ಕೇಂದ್ರ, ಕೇಂಬ್ರಿಜ್ಜಿನಲ್ಲಿ ಸ್ಕಾಟ್ ಧ್ರುವ ಸಂಶೋಧನ ಸಂಸ್ಥೆ ಇವೆ. ನಾರ್ವೆಯ ಸರಕಾರಿ ವಿಶ್ವವಿದ್ಯಾಲಯಗಳು ೨೦೨೩ರಿಂದ ಯೂರೋಪಿನ ಹೊರಗಿನವರಿಂದ ಶುಲ್ಕ ಪಡೆಯತೊಡಗಿವೆ ಎಂಬುದನ್ನು ಮೊದಲೇ ತಿಳಿದಿರಬೇಕು. ಉಚಿತವೆಂಬ ಹಳೆಯ ಮಾತನ್ನು ನಂಬಿ ಹೊರಟವರು ಪೇಚಿಗೆ ಸಿಲುಕುತ್ತಾರೆ.

ಹಣದ ವಿಚಾರದಲ್ಲಿ ಒಂದು ವಿಪರ್ಯಾಸ ಹೇಳಲೇಬೇಕು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಹೀನ ಕೂಲಿಕಾರ, ಕುಶಲಕರ್ಮಿ ಕುಟುಂಬಗಳ ಮಕ್ಕಳಿಗೆ ಹೊರದೇಶದ ಓದಿಗಾಗಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ವಿದ್ಯಾರ್ಥಿವೇತನ ಕೊಡುತ್ತದೆ. ೨೦೨೨ರಲ್ಲಿ ಅದರ ನಿಯಮ ತಿದ್ದಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ವಿಷಯಗಳನ್ನು ಅದರಿಂದ ಹೊರಗಿಟ್ಟರು. ತನ್ನ ಕೇರಿಯ ಬಾಳನ್ನು ಹೊರದೇಶದಲ್ಲಿ ಓದಬಾರದೆಂಬ ಈ ನಿಯಮವನ್ನು ನಾವು ಖಂಡಿಸುತ್ತೇವೆ. ಯಾರ ಮಕ್ಕಳು ಯಾವ ಪ್ರಶ್ನೆ ಕೇಳಬಾರದು ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಆದರೂ ಆ ನಿಯಮ ಮುಚ್ಚದ ಬಾಗಿಲುಗಳಲ್ಲಿ ಬಡಗಣದ ಬಾಗಿಲೂ ಒಂದು. ಸಾಮಿಯರನ್ನು, ಇನ್ಯೂಟರನ್ನು ಓದಲು ಹೊರಟವರಿಗೆ ಅದು ಅಡ್ಡ ಬರುವುದಿಲ್ಲ. ಅಲ್ಲಿ ಕಲಿತದ್ದನ್ನು ಊರಿಗೆ ಮರಳಿ ಕೇರಿಯಲ್ಲಿ ಬಳಸುವುದನ್ನು ಯಾವ ನಿಯಮ ತಡೆದೀತು?

ಮೊದಲು ನಮ್ಮ ಊರಿನ ಅಧ್ಯಯನ ಆಗಲಿ, ಹಿಮನಾಡು ಆಮೇಲೆ ಎಂದು ಹಿರಿಯರು ಹೇಳುವುದುಂಟು. ಅದರಲ್ಲಿ ಅರ್ಧ ಸತ್ಯವಿದೆ. ತಯಾರಿಗೆ ಇಲ್ಲಿಯೇ ನೆಲೆಗಳಿವೆ: ಮೈಸೂರಿನಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಕೇಂದ್ರ, ಮದ್ರಾಸ್ ವಿಶ್ವವಿದ್ಯಾಲಯ ಮತ್ತು ಧಾರವಾಡದ ಮಾನವಶಾಸ್ತ್ರ ವಿಭಾಗಗಳು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಬುಡಕಟ್ಟು ಅಧ್ಯಯನ. ಕೆಲಸವೂ ಕಣ್ಣೆದುರಿಗೇ ಬಿದ್ದಿದೆ. ಮಯಿಲಾಡುಂಪಾರೈಯಲ್ಲಿ ಸಿಕ್ಕ ಕಬ್ಬಿಣ ನಾಲ್ಕು ಸಾವಿರ ವರ್ಷಕ್ಕೂ ಹಳೆಯದೆಂದು ತಮಿಳುನಾಡು ಸರಕಾರ ೨೦೨೨ರಲ್ಲಿ ಸಾರಿತು. ಮಲ್ಲಚಂದ್ರದ ಬೆಟ್ಟದ ಮೇಲಿನ ಕಲ್ಗೋರಿಗಳನ್ನು ನೋಡಲು ದೂರದವರು ಬರುತ್ತಾರೆ. ನಮ್ಮ ತಮಿಳು ಗೆಳೆಯರು ರಜೆಯ ದಿನಗಳಲ್ಲಿ ಹೊಲಹೊಲ ಅಲೆದು ವೀರಗಲ್ಲು ಹುಡುಕಿ, ತೊಳೆದು, ಅಚ್ಚು ತೆಗೆದು ಪತ್ರಿಕೆಗೆ ಕೊಡುತ್ತಾರೆ. ಅವರಿಗೆ ಸಿಗುವ ಕಲ್ಲುಗಳಲ್ಲಿ ಕನ್ನಡದವೂ ಇವೆ. ಅವರಿಗೆ ನಮ್ಮ ನಮಸ್ಕಾರ. ಆ ಕಲ್ಲನ್ನು ಓದಿಕೊಡಲು ಪಕ್ಕದಲ್ಲಿ ಒಬ್ಬ ಕನ್ನಡದ ಹುಡುಗನಿದ್ದರೆ ಅವರಿಗೂ ಸಂತೋಷವೇ. ಆದರೆ ಊರೊಂದನ್ನೇ ನೋಡಿದವರಿಗೆ ಊರೂ ಪೂರ್ತಿ ಕಾಣುವುದಿಲ್ಲ. ಗಡಿಯಲ್ಲಿ ಹರಿದುಹೋದ ಜನ ತಮ್ಮನ್ನು ತಾವು ಹೇಗೆ ಬರೆದುಕೊಂಡರೆಂಬುದನ್ನು ಅವರಿದ್ದಲ್ಲಿಗೇ ಹೋಗಿ ಕಲಿತವರು ಅಂಚೆಟ್ಟಿಯ ಕಾಡಂಚಿನಲ್ಲಿ ಇರುಳರ ಮಾತನ್ನೂ, ಮಾದೇಶ್ವರನ ಪದ ಹಾಡುವವರ ಮಾತನ್ನೂ ಬೇರೆಯೇ ಕಿವಿಯಿಂದ ಕೇಳಿಯಾರು.

ಆದಕಾರಣ ಸಂಘದ ಮುಂದೆ ನಮ್ಮ ಬೇಡಿಕೆ ಇದು. ಚಪ್ಪರ, ಮೆರವಣಿಗೆ, ಶಾಲು, ಫಲಕಗಳಿಗೆ ದಾನಿಗಳು ಮನಸಾರೆ ಕೊಡುತ್ತಾರೆ, ಕೊಡಲಿ. ಅದರಲ್ಲಿ ಒಂದು ಪಾಲನ್ನು ಎತ್ತಿಟ್ಟ ಹಣವಾಗಿ ಬ್ಯಾಂಕಿನಲ್ಲಿ ಇಟ್ಟು, ಈ ಜಿಲ್ಲೆಯ ಕನ್ನಡ ಓದಿದ ಒಬ್ಬ ಪದವೀಧರನಿಗೆ ಅಥವಾ ಪದವೀಧರೆಗೆ ಒಂದು ವರ್ಷದ ಕ್ಷೇತ್ರಕಾರ್ಯದ ವೇತನ ಕೊಡಬೇಕು. ಆ ವರ್ಷ ಅವರು ಒಂದು ಊರಿನಲ್ಲಿ ನೆಲೆಸಿ, ಹೇಳಿದವರ ಒಪ್ಪಿಗೆ ಪಡೆದು, ಕನ್ನಡದಲ್ಲಿ ಬರೆಯಬೇಕು. ಬರೆದದ್ದರ ಒಂದು ಪ್ರತಿ ಸಂಘದ ಗ್ರಂಥಾಲಯಕ್ಕೆ, ಇನ್ನೊಂದು ಆ ಊರಿನ ಶಾಲೆಗೆ. ಎರಡನೆಯ ವರ್ಷ ಅವರೇ ಟ್ರೋಮ್ಸೊಗೋ ಫೇರ್‌ಬ್ಯಾಂಕ್ಸಿಗೋ ಅರ್ಜಿ ಹಾಕುವಾಗ ಪರೀಕ್ಷಾ ಶುಲ್ಕ, ಪಾಸ್‌ಪೋರ್ಟು, ಅನುವಾದದ ಖರ್ಚು ಸಂಘದ್ದು. ಆಯ್ಕೆಯ ಸಮಿತಿಯಲ್ಲಿ ರಾಜಕಾರಣಿಗಳು ಬೇಡ. ಅರ್ಜಿಯನ್ನು ಕನ್ನಡದಲ್ಲಿ ಬರೆಯಲು ಬಿಡಬೇಕು, ಸಂದರ್ಶನ ಹೊಸೂರಿನಲ್ಲಿ ಆಗಬೇಕು, ಮತ್ತು ಅಂಚೆಟ್ಟಿ, ಉರಿಗಂ ಕಡೆಯಿಂದ ಬರುವವರಿಗೆ ಬಸ್ ಚಾರ್ಜನ್ನು ಅಂದೇ ಕೈಗೆ ಕೊಡಬೇಕು.